ಪಂಚಮಿಗೆ ಬಾ, ಮಗಳೆ

ಇಳಕಲ್ಲ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ನಿನ್ನ ಮಾತ್ರೆಯ ಡಬ್ಬಿ ಅಡುಗೆಮನೆಯ ಮಾಡದಲ್ಲೇ ಉಳಿದಿದೆ. ಸಿಟ್ಟಿನಲ್ಲಿ ಚೀಲ ಎತ್ತಿಕೊಂಡು ಬೆಳಗಾವಿಯ ಬಸ್ ಹತ್ತಿದವಳಿಗೆ ಅದರ ನೆನಪಾಗಲಿಲ್ಲ. ನಾಳೆ ಅಪ್ಪ ಕೊರಿಯರ್ ಮಾಡುತ್ತಾರೆ, ಈ ಪತ್ರವನ್ನೂ ಅದರ ಜೊತೆಗಿಡುತ್ತೇನೆ. ಡಬ್ಬಿ ಕೈಗೆ ಬಂದ ಮೇಲೆ ಒಂದು ಹೊತ್ತೂ ತಪ್ಪಿಸಬೇಡ. ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಆದ ಮೇಲೆ ಕೂದಲು ಉದುರಿತೆಂದು, ‘ಕೂದಲು ಬರುವವರೆಗೆ ಊರಿಗೆ ಕಾಲಿಡುವುದಿಲ್ಲ’ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ನನಗೆ ಹೇಳುವುದು ಬಹಳ ಇತ್ತು.

ವೈನಿಯ ಕುಬಸದಲ್ಲಿ, ಆ ಸೀಮಂತದ ದಿನ, ನಡೆದದ್ದು ನಮಗಿಬ್ಬರಿಗೂ ಗೊತ್ತು, ಮತ್ತೆ ಬರೆಯುವುದು ಬೇಡ. ಆದರೆ ಆ ಮಲ್ಲಿಗೆ ದಂಡೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಸೋದರತ್ತೆ ನಿನ್ನ ಹಿಂದೆ ನಿಂತು ಪಿನ್ನು ಚುಚ್ಚಿದರು, ದಂಡೆ ಜಾರಿತು. ಇನ್ನೊಂದು ಪಿನ್ನು ಹಾಕಿದರು, ಮತ್ತೆ ಜಾರಿ ನಿನ್ನ ಹೆಗಲ ಮೇಲೆ ಬಿತ್ತು. ‘ಹೂವು ನಿಲ್ಲುವಷ್ಟೂ ಕೂದಲು ಉಳಿಯಲಿಲ್ಲ. ದೇವರು ಕೊಟ್ಟ ಹೊಟ್ಟೆ ಕೊಯ್ಯಿಸಿಕೊಂಡರೆ ಹೀಗೇ’ ಎಂದರು. ನೀನು ನಗುತ್ತಲೇ ಇದ್ದೆ. ಬಿದ್ದ ದಂಡೆಯನ್ನು ಎತ್ತಿ ವೈನಿಯ ಉಡಿಯಲ್ಲಿಟ್ಟು, ನಗುತ್ತಲೇ ಒಳಗೆ ಹೋದೆ. ಆ ನಗು ನೆನಪಾದರೆ ಹಿಡಿದ ಕೆಲಸ ಕೈಯಲ್ಲೇ ನಿಲ್ಲುತ್ತದೆ. ಅತ್ತರೆ ಸಮಾಧಾನ ಮಾಡಬಹುದಿತ್ತು. ರೊಟ್ಟಿ ಬಡಿಯುವಾಗ ನೆನಪಾಗುತ್ತದೆ, ರಾತ್ರಿ ಬಾಗಿಲು ಹಾಕುವಾಗ ನೆನಪಾಗುತ್ತದೆ. ನಿನ್ನ ಜಡೆಗೆ ಪಂಚಮಿಯ ದಿನ ಎರಡು ದಂಡೆ ಸಾಲುತ್ತಿರಲಿಲ್ಲ. ಆ ಜಡೆ ಹೆಣೆದ ಕೈ ನನ್ನದು. ಹೂವು ಬಿದ್ದಾಗ ಹಿಡಿಯಲು ನಾನು ಹತ್ತಿರ ಇರಲಿಲ್ಲ, ಆ ಕಡೆ ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಅವ್ವ ಸುಮ್ಮನಿದ್ದಳು ಎಂದು ನೀನು ತಿಳಿದಿದ್ದೀ. ಸುಮ್ಮನಿರಲಿಲ್ಲ. ‘ನನ್ನ ಮಗಳ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ, ಮೊಣಕಾಲು ನೋವು ಹೋಗಿದೆ. ನಿಮ್ಮ ಕಣ್ಣಿಗೆ ಕೂದಲೊಂದೇ ಬಿತ್ತೇ?’ ಎಂದು ಎಲ್ಲರೆದುರಿಗೇ ಕೇಳಿದೆ. ಅಷ್ಟರಲ್ಲಿ ನೀನು ಒಳಕೋಣೆ ಸೇರಿದ್ದೆ. ನನ್ನ ಮನೆಯಲ್ಲೇ ನಿನಗೆ ಆ ಮಾತು ಕೇಳಬೇಕಾಯಿತಲ್ಲ, ಅದಕ್ಕೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ನಿನ್ನ ದೇಹದ ಮೇಲೆ ಮಾತ್ರ ಸಿಟ್ಟಾಗಬೇಡ.

ಹುನಗುಂದ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ತಿರುಗಿದವಳು ನಾನು. ಹೆರಿಗೆಯಾಗಿ ಮೂರು ತಿಂಗಳಾಗುತ್ತಲೇ ಎಷ್ಟೋ ಬಾಣಂತಿಯರು ಬಾಚಣಿಗೆಯ ತುಂಬ ಬಂದ ಕೂದಲು ತೋರಿಸಿ ಅಳುತ್ತಿದ್ದರು. ವಿಷಮಶೀತ ಜ್ವರದಿಂದ ಎದ್ದವರದೂ ಅದೇ ಗೋಳು, ಕೋವಿಡ್ ಬಂದುಹೋದ ಮೇಲೆಯೂ ಅದೇ. ನಿನ್ನದೂ ಅದೇ ಜಾತಿಯದು. ಡಾಕ್ಟರುಗಳು ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಎನ್ನುತ್ತಾರೆ. ತಲೆಯ ನೂರು ಕೂದಲಲ್ಲಿ 85–90 ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿದ್ದು ಉದುರುತ್ತವೆ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಆಪರೇಷನ್ನಿನ ಪೆಟ್ಟು, ಒಮ್ಮೆಲೇ ಇಳಿದ ತೂಕ, ಕಡಿಮೆಯಾದ ಊಟ ಸೇರಿದಾಗ ಬೆಳೆಯುತ್ತಿದ್ದವೂ ಗುಂಪಾಗಿ ವಿಶ್ರಾಂತಿಗೆ ಹೋಗುತ್ತವೆ, ಸುಮಾರು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಬರಗಾಲ ಬಿದ್ದಾಗ ಒಕ್ಕಲಿಗನು ಮೊದಲು ಹಬ್ಬದ ಖರ್ಚು ನಿಲ್ಲಿಸಿ ಹಿಟ್ಟಿಗೆ ದುಡ್ಡು ಉಳಿಸುವಂತೆ, ದೇಹವೂ ಕೂದಲನ್ನು ಬಿಟ್ಟು ಹೃದಯ, ಮೆದುಳುಗಳನ್ನು ನೋಡಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಆಪರೇಷನ್ ಆಯಿತು, ಮೇ ತಿಂಗಳಲ್ಲಿ ಉದುರತೊಡಗಿತು. ಲೆಕ್ಕ ಸರಿಯಾಗಿದೆ. ಬೇರು ಸತ್ತಿಲ್ಲ, ಮಗಳೆ. ಮತ್ತೆ ಚಿಗುರುತ್ತದೆ. ಆದರೆ ತಿಂಗಳಿಗೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುವ ಕೂದಲು ಸೊಂಟದವರೆಗೆ ಬರಲು ವರ್ಷಗಳೇ ಬೇಕು. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬೇಡ.

ನನ್ನ ಭಯ ಕೂದಲಿನದಲ್ಲ, ನಿನ್ನ ತಟ್ಟೆಯದು. ಅಂದು ನಾಲ್ಕು ತುತ್ತು ಅನ್ನ ತಿಂದು ಕೈ ತೊಳೆದುಬಿಟ್ಟೆ. ಹೊಟ್ಟೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ತೆಗೆದಿದ್ದಾರೆ, ಉಳಿದ ಅಷ್ಟಿಷ್ಟು ಜಾಗವನ್ನು ಅನ್ನ ತುಂಬಿದರೆ ಬೇಳೆ ಎಲ್ಲಿಗೆ ಹೋಗಬೇಕು? ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ಆಹಾರ ತಜ್ಞೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಮೊದಲು ಪನೀರ್, ಗಟ್ಟಿ ಮೊಸರು, ಮೆತ್ತಗೆ ಬೇಯಿಸಿದ ಹೆಸರು, ಕಡಲೆಹಿಟ್ಟಿನ ಜುಣಕ. ಆಮೇಲೆ ಜಾಗ ಉಳಿದರೆ ರೊಟ್ಟಿ. ಅದರಿಂದಲೂ ತುಂಬದಿದ್ದರೆ ಅವರು ಬರೆದುಕೊಟ್ಟ ಪ್ರೋಟೀನ್ ಪುಡಿ. ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ, ಆದರೆ ನೀನು ಅಲ್ಲಿ ತಿಂದರೆ ನನಗೆ ಒಂದು ಚೂರೂ ಬೇಸರವಿಲ್ಲ. ಇದನ್ನು ಅಪ್ಪನಿಗೂ ಹೇಳಿದ್ದೇನೆ. ತೂಕ ಇನ್ನೂ ಬೇಗ ಇಳಿಯಲಿ ಎಂದು ಊಟ ಬಿಡುತ್ತಿದ್ದೀಯೇನೋ ಎಂಬ ಅನುಮಾನ ನನ್ನನ್ನು ಮಲಗಗೊಡುತ್ತಿಲ್ಲ. ವಾಂತಿ ನಿಲ್ಲದಿದ್ದರೆ ನಾಳೆ ನೋಡೋಣ ಎನ್ನದೆ ಆ ದಿನವೇ ಡಾಕ್ಟರ ಹತ್ತಿರ ಹೋಗು. ವಿಟಮಿನ್ ಬಿ1 ಕಡಿಮೆಯಾದರೆ ನರಗಳಿಗೆ ಕುತ್ತು.

ನಿನ್ನ ಡಬ್ಬಿಯನ್ನು ತೆರೆದು ನೋಡಿದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಂದೇ ಖಾನೆಯಲ್ಲಿದ್ದವು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ಎರಡು ತಾಸಾದರೂ ಅಂತರ ಇರಲಿ. ಚಹಾದ ಜೊತೆಗಂತೂ ಬೇಡವೇ ಬೇಡ. ಊರೂರಿನ ಬಸುರಿಯರಿಗೆ ಇದನ್ನೇ ಹೇಳುತ್ತ ಬಂದವಳ ಮಗಳು ನೀನು. ಜಾಹೀರಾತು ನೋಡಿ ತರಿಸಿದ ಬಯೋಟಿನ್ ಎಂಬ ವಿಟಮಿನ್ನಿನ, ಜಿಂಕಿನ ಬಾಟಲಿಗಳೂ ಅಲ್ಲೇ ಇದ್ದವು. ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮೇಲಾಗಿ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪಾಗಿ ಬರಬಹುದು. ಜಿಂಕ್ ಅತಿಯಾದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಆ ಎರಡು ಬಾಟಲಿಗಳನ್ನು ನಾನು ಕಳಿಸುತ್ತಿಲ್ಲ. ಡಾಕ್ಟರು ಬೇಕೆಂದರೆ ಮರುದಿನವೇ ಕಳಿಸುತ್ತೇನೆ. ಇದು ಭಾಷಣವಾಯಿತು ಎಂದು ನಿನಗೆ ಅನ್ನಿಸಬಹುದು, ಆಗಲಿ.

ಇನ್ನು ಇರುವ ಕೂದಲಿನ ಮಾತು. ಉದುರುತ್ತದೆಂದು ಹೆದರಿ ತಲೆಗೆ ಎರೆದುಕೊಳ್ಳುವುದನ್ನೇ ಬಿಟ್ಟಿದ್ದೀ. ಎರೆದುಕೊಳ್ಳುವಾಗ ಬರುವುದು ಆಗಲೇ ಬಿಟ್ಟುಕೊಂಡ ಕೂದಲು, ಇಂದಲ್ಲ ನಾಳೆ ಅದು ಬೀಳುವುದೇ. ಎಣ್ಣೆ ಹಚ್ಚುವುದಾದರೆ ಹಗುರವಾಗಿ ಹಚ್ಚು, ತಿಕ್ಕಬೇಡ. ಒದ್ದೆ ತಲೆಗೆ ಅಗಲ ಹಲ್ಲಿನ ಬಾಚಣಿಗೆ ಸಾಕು. ಬೋಳು ಕಾಣಬಾರದೆಂದು ಎಳೆದು ಬಿಗಿಯಾಗಿ ತುರುಬು ಕಟ್ಟುತ್ತಿದ್ದೀಯಲ್ಲ, ಅದನ್ನು ಇಂದೇ ಬಿಡು. ಎಳೆದಷ್ಟೂ ಹಣೆಯ ಅಂಚು ಹಿಂದೆ ಸರಿಯುತ್ತದೆ. ಭಾರವಾದ ಕೃತಕ ಜಡೆಯನ್ನೂ ಕಟ್ಟಬೇಡ, ಕಾಸಿದ ಇಸ್ತ್ರಿಯಿಂದ ಕೂದಲು ನೇರ ಮಾಡಿಸುವುದೂ ಈಗ ಬೇಡ. ನನ್ನ ಮಾತು ಕೇಳಿದರೆ ಕುತ್ತಿಗೆಯವರೆಗೆ ಕತ್ತರಿಸಿಬಿಡು, ಅಂಚು ಒಂದೇ ಸಮನಾಗಿರಲಿ. ಗಿಡ್ಡ ಕೂದಲು ದಟ್ಟವಾಗಿ ಕಾಣುತ್ತದೆ. ಬೈತಲೆಯನ್ನು ನಡುವೆ ತೆಗೆಯುವ ಬದಲು ಪಕ್ಕಕ್ಕೆ ತೆಗೆ, ಆಗಾಗ ಬದಲಿಸು. ಬೈತಲೆ ತೀರ ಬೆಳ್ಳಗೆ ಕಂಡರೆ ಕೂದಲಿನದೇ ಬಣ್ಣದ ಪುಡಿ ಸಿಗುತ್ತದೆ, ಸಮಾರಂಭಕ್ಕೆ ಹೋಗುವಾಗ ಉದುರಿಸಿಕೋ. ಕೆಲವು ತಿಂಗಳಲ್ಲಿ ಹಣೆಯ ಮೇಲೆ ಮರಿಕೂದಲು ನೆಟ್ಟಗೆ ಎದ್ದು ನಿಲ್ಲುತ್ತದೆ. ಅದು ಹೊಸದು, ಕಿರಿಕಿರಿಯಾಯಿತೆಂದು ಕತ್ತರಿ ಹಾಕಬೇಡ. ನನ್ನ ಹಳೆಯ ಇಳಕಲ್ಲ ಸೀರೆಯ ಮೈ ಹರಿದಿತ್ತು, ರೇಷ್ಮೆಯ ಸೆರಗು ಗಟ್ಟಿಯಿತ್ತು. ಸೆರಗಿನಿಂದ ದಿಂಬಿಗೆ ಗವಸು ಹೊಲಿದಿದ್ದೇನೆ. ನುಣುಪಾಗಿದೆ, ಕೂದಲು ಸಿಕ್ಕಾಗುವುದಿಲ್ಲ. ಅದನ್ನೂ ಇಟ್ಟಿದ್ದೇನೆ.

ಯುಗಾದಿಯ ಮರುದಿನ ಬಾದಾಮಿಯ ಗುಹೆಗಳ ಮೆಟ್ಟಿಲನ್ನು ನಿಲ್ಲದೆ ಹತ್ತಿ ಮೇಲಿನಿಂದ ನನ್ನನ್ನು ಕೂಗಿದೆಯಲ್ಲ, ಅದನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಆಪರೇಷನ್ ಬೇಡವೆಂದು ಹಟ ಹಿಡಿದಿದ್ದವಳು ನಾನು. ನೀನು ಓದಿ, ಕೇಳಿ, ದುಡ್ಡು ಕೂಡಿಟ್ಟು, ನೀನೇ ನಿರ್ಧಾರ ಮಾಡಿದೆ. ಅಷ್ಟು ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ಪಂಚಮಿಗೆ ಬಾ. ತಲೆಯ ಮೇಲೆ ಸೆರಗು ಹೊದ್ದು ಬರುತ್ತೀಯೋ ಕತ್ತರಿಸಿಕೊಂಡು ಬರುತ್ತೀಯೋ ನಿನ್ನಿಷ್ಟ. ಸೋದರತ್ತೆಯವರೂ ಬರುತ್ತಾರೆ, ಅವರನ್ನು ಬರಬೇಡಿ ಎನ್ನಲಾರೆ. ನಿನ್ನ ಪಕ್ಕದಲ್ಲಿ ನಾನಿರುತ್ತೇನೆ. ಅದಕ್ಕೆ ಮೊದಲು ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆಯೆಂದು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆ ಮಾಡಿಸು. ಇದುವರೆಗೆ ಬಯೋಟಿನ್ ತೆಗೆದುಕೊಂಡದ್ದನ್ನು ಪರೀಕ್ಷೆ ಮಾಡುವವರಿಗೆ ಮುಂಚೆಯೇ ತಿಳಿಸು. ವರ್ಷ ಕಳೆದರೂ ಉದುರುವುದು ನಿಲ್ಲದಿದ್ದರೆ ಕಾರಣ ಬೇರೆ ಇರಬಹುದು, ಆಗ ಚರ್ಮರೋಗ ತಜ್ಞರಿಗೆ ತೋರಿಸೋಣ, ನಾನೂ ಬರುತ್ತೇನೆ. ರಕ್ತದ ವರದಿ ಕೈಗೆ ಬಂದ ಕೂಡಲೇ ಅಪ್ಪನ ಮೊಬೈಲಿಗೆ ಕಳಿಸು, ನನ್ನದರ ಪರದೆ ಒಡೆದಿದೆ, ಅಂಕಿಗಳು ಕಾಣುವುದಿಲ್ಲ.

ನಿನ್ನ ಅವ್ವ