ರೂಟ್ ಕೆನಾಲ್ ಆದ ಹಲ್ಲು, ವಾಸಿಯಾಗದ ಸೈನಸ್

ಮಾನ್ಯರೇ,

ಬಲಗಡೆಯ ಮೂಗು ಮಾತ್ರ ಕಟ್ಟುವುದು, ಗಂಟಲಿಗೆ ದುರ್ವಾಸನೆಯ ಕಫ ಇಳಿಯುವುದು, ಕೆನ್ನೆ ಭಾರವಾಗುವುದು, ಇವಿಷ್ಟಕ್ಕೆ ನನ್ನ ಅಕ್ಕ ಎರಡು ವರ್ಷ ಅಲರ್ಜಿ ಮಾತ್ರೆಗಳನ್ನೂ ಆಂಟಿಬಯಾಟಿಕ್‌ಗಳನ್ನೂ ನುಂಗಿದರು. ಕಡೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಕೆನ್ನೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿಗೂಡು ಪೂರ್ತಿ ತುಂಬಿಕೊಂಡು, ಅದರ ನಡುವೆ ಲೋಹದ ಚೂರಿನಂತೆ ಅಚ್ಚ ಬಿಳಿಯ ಚುಕ್ಕೆಯೊಂದು ಕಾಣಿಸಿತು. ಅದನ್ನು ನೋಡಿದೊಡನೆ ಇಎನ್‌ಟಿ ವೈದ್ಯರು, ಆ ಬದಿಯ ಮೇಲಿನ ಹಲ್ಲಿಗೆ ರೂಟ್ ಕೆನಾಲ್ ಆಗಿದೆಯೇ ಎಂದು ಕೇಳಿದರು. ಆರು ವರ್ಷಗಳ ಹಿಂದೆ ಆಗಿತ್ತು. ಅದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಹೇಳಬೇಕೆಂದು ನಮಗೂ ತೋಚಿರಲಿಲ್ಲ.

ಮೇಲಿನ ದವಡೆ ಹಲ್ಲುಗಳ ಬೇರಿನ ತುದಿಗೂ ಸೈನಸ್ಸಿನ ತಳಕ್ಕೂ ನಡುವೆ ತೆಳ್ಳನೆಯ ಮೂಳೆ, ಕೆಲವರಲ್ಲಿ ಬರೀ ಪೊರೆ ಇರುತ್ತದೆ. ಬೇರಿನ ನಾಳವನ್ನು ತುಂಬಲು ಬಳಸುವ ಪೇಸ್ಟ್ ತುದಿಯನ್ನು ದಾಟಿದರೆ ಸೈನಸ್ಸಿನೊಳಗೆ ಸೇರಿಕೊಳ್ಳುತ್ತದೆ. ಅದರಲ್ಲಿ ಸತುವಿನ ಸಂಯುಕ್ತವಾದ ಜಿಂಕ್ ಆಕ್ಸೈಡ್ ಇದ್ದಲ್ಲಿ, ನಾವೆಲ್ಲರೂ ದಿನವೂ ಉಸಿರಾಡುವ ಗಾಳಿಯಲ್ಲೇ ಇರುವ ಆಸ್ಪರ್ಜಿಲಸ್ ಎಂಬ ಬೂಷ್ಟಿನ (ಶಿಲೀಂಧ್ರದ) ಬೆಳವಣಿಗೆಗೆ ಆ ಸತು ಒತ್ತಾಸೆಯಾಗುತ್ತದೆ ಎಂಬುದು ಅನೇಕ ತಜ್ಞರ ಅಭಿಪ್ರಾಯ. ಬೂಷ್ಟು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಉಂಡೆಗಟ್ಟುತ್ತದೆ. ಆಂಟಿಬಯಾಟಿಕ್‌ಗೆ ಅದು ಬಗ್ಗುವುದಿಲ್ಲ. ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ತೆಗೆಯಬೇಕು. ತೆಗೆದ ಮೇಲೆ ಬಹುತೇಕರಿಗೆ ಶಿಲೀಂಧ್ರದ ಔಷಧಿಯೂ ಬೇಕಾಗುವುದಿಲ್ಲ.

2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರವನ್ನು ಕಂಡವರಿಗೆ ಶಿಲೀಂಧ್ರವೆಂಬ ಹೆಸರು ಕೇಳಿದರೇ ಎದೆ ನಡುಗುವುದು ಸಹಜ. ಅಕ್ಕನ ಸೈನಸ್ಸಿನಲ್ಲಿರುವುದೂ ಶಿಲೀಂಧ್ರವೆಂದು ತಿಳಿದ ರಾತ್ರಿ ನಮ್ಮ ಮನೆಯಲ್ಲೂ ಯಾರೂ ನಿದ್ದೆ ಮಾಡಲಿಲ್ಲ. ಆದರೆ ಆರೋಗ್ಯವಂತರಲ್ಲಿ ಈ ಉಂಡೆ ಸಾಮಾನ್ಯವಾಗಿ ಮೂಳೆಯನ್ನಾಗಲಿ ಕಣ್ಣನ್ನಾಗಲಿ ಕೊರೆದು ಹೋಗುವುದಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇರುವವರು ಮಾತ್ರ ಒಂದು ದಿನವೂ ತಡಮಾಡಬಾರದು.

ಇದು ಅಪರೂಪದ ತೊಡಕು. ರೂಟ್ ಕೆನಾಲ್‌ಗೆ ಹೆದರಿ ಕೀವು ತುಂಬಿದ ಹಲ್ಲನ್ನು ಹಾಗೇ ಬಿಟ್ಟರೆ ಆ ಸೋಂಕೂ ಸೈನಸ್ಸಿಗೆ ಹರಡಬಲ್ಲದು. ನನ್ನ ಬೇಡಿಕೆ ಇಷ್ಟೇ: ಚಿಕಿತ್ಸೆ ಮುಗಿದ ದಿನ ತೆಗೆದ ಎಕ್ಸ್‌ರೇಯನ್ನೂ ತುಂಬಿದ ಪದಾರ್ಥದ ಹೆಸರನ್ನೂ ದಂತವೈದ್ಯರು ರೋಗಿಯ ಕೈಗೆ ಕೊಡಬೇಕು, ಪೇಸ್ಟ್ ತುದಿ ದಾಟಿದ್ದರೆ ಮುಚ್ಚಿಡದೆ ಹೇಳಬೇಕು. ಒಂದೇ ಬದಿಯ ಸೈನಸ್ ತೊಂದರೆಯೆಂದು ಬಂದವರ ಹಲ್ಲಿನ ಚರಿತ್ರೆಯನ್ನು ವೈದ್ಯರು ಮೊದಲ ಭೇಟಿಯಲ್ಲೇ ಕೇಳಬೇಕು. ಅಕ್ಕನ ಹಳೆಯ ಎಕ್ಸ್‌ರೇಗಾಗಿ ನಾವು ಆ ದಂತ ಚಿಕಿತ್ಸಾಲಯಕ್ಕೆ ಹೋದಾಗ, ಅಲ್ಲಿ ಅವರ ಹೆಸರಿನ ಒಂದು ಚೀಟಿಯೂ ಸಿಗಲಿಲ್ಲ.

– ಓದುಗ, ದಾವಣಗೆರೆ