ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಕೈಜೋಡಿಸಿದವರಿಗೆ

ನಾವೇ ಕಟ್ಟಿದ ಎರಡು ಸೀಟಿನ ವಿಮಾನದ ಎಂಜಿನ್ ಪರೀಕ್ಷೆ ನೆಲದ ಮೇಲೆ ಮುಗಿದಿದೆ. ಹಾರಾಟ ಇನ್ನೂ ಬಾಕಿ. ಆದರೆ ಹೊಸೂರು, ಕೆಲಮಂಗಲ, ತಳಿಯ ಇಷ್ಟು ಜನ ಕೈಜೋಡಿಸಿರುವಾಗ ಧನ್ಯವಾದ ಹೇಳಲು ಅಲ್ಲಿವರೆಗೆ ಕಾಯುವುದು ಸರಿಯಲ್ಲ.

ಹವ್ಯಾಸಿಗಳು ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ ಅಮೆರಿಕದಲ್ಲಿ ಅಪಘಾತಗಳ ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಎಂಜಿನ್ ಶಕ್ತಿ ಕೈಕೊಡುವುದು, ಹಾರುವಾಗ ಹಿಡಿತ ತಪ್ಪುವುದು, ಇವೆರಡೇ ಅದರಲ್ಲಿ ಎಲ್ಲಕ್ಕಿಂತ ಮುಂದೆ. ಎಂಜಿನ್ ನಿಂತಿತೆಂದರೆ ಪಿಸ್ಟನ್ನೇ ಹೋಗಿರಬೇಕೆಂದು ಜನ ಭಾವಿಸುತ್ತಾರೆ. ಆದರೆ ರೋಟ್ಯಾಕ್ಸ್ 912ನಂಥ ಎಂಜಿನ್ ಕಾರ್ಖಾನೆಯಿಂದ ಸಿದ್ಧವಾಗಿಯೇ ಬರುತ್ತದೆ. ಅದಕ್ಕೆ ಪೆಟ್ರೋಲ್ ತಲುಪಿಸುವ ದಾರಿ ಕಟ್ಟುವವರ ಕೈಕೆಲಸ, ಅನುಮಾನ ಮೊದಲು ಹೋಗಬೇಕಾದ್ದು ಅಲ್ಲಿಗೆ.

ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯ ಅಣ್ಣನಿಗೆ ಮೊದಲ ವಂದನೆ. ಹೋಸನ್ನು ಹ್ಯಾಕ್ಸಾದಲ್ಲಿ ಕೊಯ್ದರೆ ಒಳಗೆ ರಬ್ಬರಿನ ಸಣ್ಣ ಎಸಳು ಉಳಿಯಬಹುದು. ನೆಲದ ಮೇಲೆ ಅದು ಸುಮ್ಮನಿರುತ್ತದೆ, ಪಂಪ್ ಜೋರಾಗಿ ಎಳೆದಾಗ ಕದದಂತೆ ಮುಚ್ಚಿಕೊಳ್ಳುತ್ತದೆ. ಅಣ್ಣ ಪ್ರತಿ ಹೋಸನ್ನೂ ಹರಿತ ಬ್ಲೇಡಿನಲ್ಲಿ ಕೊಯ್ದು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿಕೊಟ್ಟರು. ಟೆಫ್ಲಾನ್ ಟೇಪನ್ನು ಹತ್ತಿರಕ್ಕೂ ಬಿಡಲಿಲ್ಲ. ಅದರ ಎಳೆ ಕಳಚಿಕೊಂಡು ಬಂದು ಕೂರುವುದು ಕಾರ್ಬುರೇಟರಿನ ಜೆಟ್ಟಿನಲ್ಲೇ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲೇ.

ಪೆಟ್ರೋಲ್ ಹರಿವಿನ ಪರೀಕ್ಷೆಗೆ ಬಂದ ಗ್ಯಾರೇಜಿನ ಹುಡುಗರಿಗೆ ಎಷ್ಟು ಹೇಳಿದರೂ ಕಡಿಮೆ. ವಿಮಾನ ಏರುವ ಕೋನಕ್ಕೆ ಮೂಗನ್ನೆತ್ತಿ, ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇಟ್ಟು, ಕಾರ್ಬುರೇಟರ್ ಬಳಿ ಪೈಪು ಬಿಚ್ಚಿ ಕ್ಯಾನಿಗೆ ಬಿಡಬೇಕು. ನೂರು ಅಶ್ವಶಕ್ತಿಯ 912 ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇದ್ದರೆ ಅದರ 125%, ಅಂದರೆ 10 ನಿಮಿಷಕ್ಕೆ 5.6 ಲೀಟರ್ ಬರಲೇಬೇಕು. ಟ್ಯಾಂಕ್ ಮೇಲಿದ್ದು ತಾನಾಗಿಯೇ ಇಳಿಯುವಂತಿದ್ದರೆ 150%. ಆ ಹುಡುಗರು ಬಿಸಿಲಲ್ಲಿ ನಿಂತು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಎರಡೂ ಟ್ಯಾಂಕ್ ಅಳೆದರು. ಟ್ಯಾಂಕಿನ ಗಾಳಿಕೊಳವೆಗೆ ಸಣ್ಣ ಜಾಲರಿ ಹಾಕಿಕೊಟ್ಟವರೂ ಅವರೇ. ಕಣಜ ಅಲ್ಲಿ ಮಣ್ಣುಗೂಡು ಕಟ್ಟಿದರೆ ತುಂಬಿದ ಟ್ಯಾಂಕೂ ಪೆಟ್ರೋಲ್ ಬಿಡುವುದಿಲ್ಲ.

ಅಳತೆ ಸಿಲಿಂಡರ್ ಕೊಟ್ಟ ರಸಾಯನಶಾಸ್ತ್ರದ ಮೇಡಂಗೆ ನಮಸ್ಕಾರ. ಬಂಕಿನಲ್ಲೀಗ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್; ಈ ಎಂಜಿನ್ನಿಗೆ ಒಪ್ಪಿಗೆ ಇರುವುದು 10% ಎಥನಾಲ್‌ವರೆಗೆ. 10 ಮಿ.ಲೀ. ನೀರಿಗೆ 90 ಮಿ.ಲೀ. ಪೆಟ್ರೋಲ್ ಸೇರಿಸಿ ಕುಲುಕಿ ಬಿಟ್ಟರೆ, ತಳದ ನೀರಿನ ಗೆರೆ 10ರಿಂದ ಎಷ್ಟು ಮೇಲೇರಿತೋ ಹೆಚ್ಚುಕಡಿಮೆ ಅಷ್ಟು ಮಿ.ಲೀ. ಎಥನಾಲ್. ಹಾಗಾಗಿ ಈಗ ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್ ಬಳಸುತ್ತಿದ್ದೇವೆ. ಅದರಲ್ಲಿ ಸೀಸ ಇರುವುದರಿಂದ 25 ಗಂಟೆಗೊಮ್ಮೆ ಆಯಿಲ್ ಬದಲಿಸುತ್ತೇವೆ.

ತಳಿ ರಸ್ತೆ ಕಡೆಯ ರೈತರಿಗೆ ವಿಶೇಷ ಕೃತಜ್ಞತೆ. ಮೇಲೇರುವಾಗ 500 ಅಡಿ ಎತ್ತರದಲ್ಲಿ ಎಂಜಿನ್ ನಿಂತರೆ ರನ್‌ವೇ ಕಡೆ ಹಿಂದಿರುಗಲು ಹೋಗಬಾರದು, ತಿರುವಿನಲ್ಲೇ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಭಯ. ಒಂದು ಅಡಿ ಇಳಿಯುವಷ್ಟರಲ್ಲಿ ಒಂಬತ್ತು ಅಡಿ ಮುಂದೆ ಹೋಗುವ ವಿಮಾನಕ್ಕೆ ಸಿಗುವುದು 1.4 ಕಿ.ಮೀ.ಗಿಂತ ಕಡಿಮೆ. ಅಷ್ಟರೊಳಗೆ ಕೊಯ್ಲಾದ ರಾಗಿ ಹೊಲ ಯಾವುದು, ಗುಲಾಬಿಯ ಪಾಲಿಹೌಸ್ ಎಲ್ಲಿ, ಮೇಲಿನಿಂದ ಕಾಣದ ಬೋರ್‌ವೆಲ್ ಕರೆಂಟು ತಂತಿ ಯಾವ ಬದುವಿನ ಮೇಲೆ ಹಾದಿದೆ ಎಂದು ಅವರೇ ನಮ್ಮ ಜೊತೆ ನಡೆದು ನಕ್ಷೆಯಲ್ಲಿ ಗುರುತು ಹಾಕಿಸಿದರು. ಬೆಳೆ ಬದಲಾದಾಗ ಮತ್ತೆ ಬರುತ್ತೇವೆ, ದಯವಿಟ್ಟು ಜೊತೆಗೆ ಬನ್ನಿ.