ಮನೆಯವರ ತಪ್ಪೇನು?

ಸಂಪಾದಕರೇ,

2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ, ಅಲ್ಲಿ ಕೆಲಸದಲ್ಲಿದ್ದ ನಮ್ಮ ವೈದ್ಯ ಡಾ. ಮೊಹಮ್ಮದ್ ಹನೀಫ್ ಅವರನ್ನು ಉಗ್ರರಿಗೆ ನೆರವಾದ ಶಂಕೆಯ ಮೇಲೆ ಹಿಡಿದಾಗ, ಅವರು ಕೆಲವೇ ದಿನದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದರು. ಬ್ರಿಟನ್ನಿನ ಬಾಂಬ್ ದಾಳಿ ಪ್ರಕರಣದಲ್ಲಿ ಸಿಕ್ಕಿಬಿದ್ದ ಸಂಬಂಧಿಗೆ ಕೊಟ್ಟಿದ್ದ ಸಿಮ್ ಕಾರ್ಡ್‌ನಿಂದ ಶುರುವಾದ ರಾದ್ಧಾಂತ ಅದು. ಇಲ್ಲಿ ಹಸಿ ಬಾಣಂತಿ ಮಗು ನೋಡಿಕೊಳ್ಳಬೇಕೋ, ಟಿವಿಯವರಿಗೆ ಉತ್ತರ ಕೊಡಬೇಕೋ? ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. 2010ರಲ್ಲಿ ಆಸ್ಟ್ರೇಲಿಯಾ ಪರಿಹಾರವನ್ನೂ ಕೊಟ್ಟಿತು. ಆ ಬಾಣಂತನದ ದಿನಗಳನ್ನು ಯಾರು ವಾಪಸ್ ಕೊಡ್ತಾರೆ?

ಆರೋಪ ನಿಜವೇ ಆದರೂ ಶಿಕ್ಷೆ ತಪ್ಪು ಮಾಡಿದವನಿಗೆ ತಾನೇ? ಆರೋಪಿ ಅನ್ನುವ ಒಂದೇ ಕಾರಣಕ್ಕೆ ಮನೆ ಕೆಡವುವಂತಿಲ್ಲ, 15 ದಿನದ ನೋಟಿಸ್ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿತು. ಆದರೂ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಕಾಶ್ಮೀರದಲ್ಲಿ ಶಂಕಿತ ಉಗ್ರರ ಮನೆಗಳು ಉರುಳಿದವು. ಬೀದಿಗೆ ಬಂದವರು ಅಪ್ಪ, ಅಮ್ಮ, ತಂಗಿಯರು. (ಸತ್ತ 26 ಜನರ ನೋವು ದೊಡ್ಡದು, ಅದನ್ನು ಮರೆತು ಬರೆಯುತ್ತಿಲ್ಲ.)

ಸರ್ಕಾರ ಜಾಸ್ತಿ ಏನೂ ಮಾಡಬೇಕಿಲ್ಲ. ಬಂಧನವಾದ ದಿನವೇ ಆರೋಪಿಯ ಮನೆ ಬಾಗಿಲಿಗೆ ಇಬ್ಬರು ಪೊಲೀಸರನ್ನು ಕಾವಲಿಗೆ ಹಾಕಲಿ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಬಾಡಿಗೆ ಮನೆಯಿಂದ ಎಬ್ಬಿಸಿದರಾ ಅಂತ ತಹಶೀಲ್ದಾರರು ಒಮ್ಮೆ ಹೋಗಿ ವಿಚಾರಿಸಲಿ.

– ಓದುಗ, ಬೆಂಗಳೂರು